ಕತ್ತಿನ ಕಪ್ಪು ಕೊಳೆಯಲ್ಲ: ಪಿಸಿಓಎಸ್ ಮತ್ತು ಇನ್ಸುಲಿನ್‌ನ ನೂರು ವರ್ಷದ ಕಥೆ

ಹೋದ ವಾರದ ವಿಡಿಯೋ ಕೇಳೋಕೆ ಪುರುಸೊತ್ತಿಲ್ಲ, ಬಸ್ಸಿನಲ್ಲಿ ಓದ್ಕೊಳ್ತೀವಿ ಅನ್ನುವವರಿಗೆ ಇದು ಅದರ ಬರಹ ರೂಪ. ಮೊದಲೇ ಹೇಳಿಬಿಡ್ತೀನಿ, ನಾನು ಡಾಕ್ಟರ್ ಅಲ್ಲ. ಪುಣೆಯಲ್ಲಿ ಕೋಡ್ ಬರೆಯುವವಳು. ಈ ಕಥೆ ಹುಡುಕಿಕೊಂಡು ಹೋಗಿದ್ದಕ್ಕೆ ಕಾರಣ ನನ್ನ ಕತ್ತು.

ದಾವಣಗೆರೆಯಲ್ಲಿ ಹೈಸ್ಕೂಲಿನಲ್ಲಿದ್ದಾಗ ಪ್ರತಿ ಭಾನುವಾರ ಅಮ್ಮ ನನ್ನ ಕತ್ತಿನ ಹಿಂದೆ ಕಡಲೆಹಿಟ್ಟು, ಮೊಸರು, ನಿಂಬೆರಸ ಹಚ್ಚಿ ತಿಕ್ಕುತ್ತಿದ್ದಳು. ಚರ್ಮ ಉರಿಯುತ್ತಿತ್ತು, ಕಪ್ಪು ಮಾತ್ರ ಹೋಗುತ್ತಿರಲಿಲ್ಲ. "ಸರಿಯಾಗಿ ಸ್ನಾನ ಮಾಡಲ್ಲ ಇವಳು" ಅಂತ ಬೈಗುಳ ಬೇರೆ. ಎಂಟೆಕ್ ಓದುವಾಗ ನಾಲ್ಕು ತಿಂಗಳು ಮುಟ್ಟು ನಿಂತುಹೋಯಿತು. ಸ್ಕ್ಯಾನ್ ಮಾಡಿದರು, ಪಿಸಿಓಎಸ್ ಅಂದರು. ಮುಟ್ಟು ಬರಿಸುವ ಮಾತ್ರೆ ಕೊಟ್ಟು, "ತೂಕ ಇಳಿಸಮ್ಮಾ, ಮಿಕ್ಕಿದ್ದು ಮದುವೆ ಆದ್ಮೇಲೆ ನೋಡೋಣ" ಅಂತ ಕಳಿಸಿದರು. ಕತ್ತಿನ ಬಗ್ಗೆಯಾಗಲಿ ಸಕ್ಕರೆಯ ಬಗ್ಗೆಯಾಗಲಿ ಯಾರೂ ಒಂದು ಮಾತು ಕೇಳಲಿಲ್ಲ.

ಮೂವತ್ತೆರಡನೇ ವಯಸ್ಸಿಗೆ, ಪುಣೆಯಲ್ಲಿ, ಬೇರೇನೋ ಕಾರಣಕ್ಕೆ ಹೋದಾಗ ಒಬ್ಬ ಡಾಕ್ಟರ್ ನನ್ನ ಕತ್ತು ನೋಡಿ ಗ್ಲೂಕೋಸ್ ಕುಡಿಸಿ ಪರೀಕ್ಷೆ ಮಾಡಿಸಿದರು. ಎರಡು ಗಂಟೆಯ ನಂತರದ ಸಕ್ಕರೆ 162. 140 ದಾಟಿದರೆ ಡಯಾಬಿಟಿಸ್‌ನ ಹೊಸ್ತಿಲು. ಖಾಲಿ ಹೊಟ್ಟೆಯ ರಿಪೋರ್ಟ್ ಮಾತ್ರ ವರ್ಷಾ ವರ್ಷಾ ನಾರ್ಮಲ್ ಬರ್ತಾನೇ ಇತ್ತು.

ಕತ್ತು, ಮುಟ್ಟು, ಸಕ್ಕರೆ ಮೂರೂ ಒಂದೇ ಸಮಸ್ಯೆ ಅಂತ ಯಾಕೆ ಯಾರಿಗೂ ಹೊಳೆಯಲಿಲ್ಲ? ಇಂಜಿನಿಯರ್ ಬುದ್ಧಿ ನೋಡಿ, ಹಳೇ ಬಗ್ ಸಿಕ್ಕಿದರೆ ಯಾರು ಯಾವಾಗ ಏನು ಬರೆದಿದ್ದರು ಅಂತ ಹಿಂದಕ್ಕೆ ಹೋಗ್ತೀವಿ. ಹಾಗೇ ಹೋದೆ.

ಎರಡು ಬಾಗಿಲು

1721ರಲ್ಲಿ ಇಟಲಿಯ ವೈದ್ಯ ಆಂತೋನಿಯೋ ವಲ್ಲಿಸ್ನೇರಿ ಮಕ್ಕಳಾಗದ, ಸ್ವಲ್ಪ ದಪ್ಪಗಿದ್ದ ಒಬ್ಬ ರೈತ ಹೆಣ್ಣುಮಗಳ ಬಗ್ಗೆ ಬರೆದ. ಅವಳ ಅಂಡಾಶಯಗಳು ಬೆಳ್ಳಗೆ, ಹೊಳೆಯುತ್ತಾ, ಪಾರಿವಾಳದ ಮೊಟ್ಟೆಯಷ್ಟು ದೊಡ್ಡದಾಗಿದ್ದವಂತೆ. ಆಮೇಲೆ ಬಹಳ ಕಾಲ ಇದನ್ನು ಯಾರೂ ಒಂದು ಕಾಯಿಲೆ ಅಂತ ಕಟ್ಟಿಕೊಡಲಿಲ್ಲ.

1921ರಲ್ಲಿ ಪ್ಯಾರಿಸ್ಸಿನ ಅಶಾರ್ ಮತ್ತು ತಿಯರ್ಸ್ ಅನ್ನುವ ಇಬ್ಬರು ಡಾಕ್ಟರು "ಗಡ್ಡ ಬಂದ ಹೆಂಗಸರ ಡಯಾಬಿಟಿಸ್" ಅಂತ ಒಂದು ಲೇಖನ ಬರೆದರು. ಹೆಸರು ಕೇಳಿದರೆ ಬೇಜಾರಾಗುತ್ತೆ, ಆದರೆ ಅವರು ನೋಡಿದ್ದು ಸರಿಯಾಗೇ ಇತ್ತು. ಮುಖದ ಕೂದಲು ಮತ್ತು ಸಕ್ಕರೆ ಕಾಯಿಲೆ ಒಟ್ಟಿಗೆ ಬರುತ್ತಿವೆ ಅಂತ ಅವರು ಗಮನಿಸಿದ್ದರು. ಅದೇ ವರ್ಷದ ಬೇಸಿಗೆಯಲ್ಲಿ ಟೊರಾಂಟೋದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ ಬೇರ್ಪಡಿಸುವ ಪ್ರಯೋಗ ಶುರುಮಾಡಿದ್ದರು. ರೋಗಿಗೆ ಅದರ ಮೊದಲ ಚುಚ್ಚುಮದ್ದು ಬಿದ್ದಿದ್ದು 1922ರ ಜನವರಿಯಲ್ಲಿ. ಅಂದ್ರೆ ಪ್ಯಾರಿಸ್ಸಿನವರ ಕೈಯಲ್ಲಿ ಪ್ರಶ್ನೆ ಇತ್ತು, ಅದನ್ನು ಬಿಡಿಸುವ ಸಲಕರಣೆ ಇರಲಿಲ್ಲ.

1935ರಲ್ಲಿ ಶಿಕಾಗೋದ ಸ್ಟೈನ್ ಮತ್ತು ಲೆವೆಂಥಾಲ್ ಇನ್ನೊಂದು ಬಾಗಿಲಿನಿಂದ ಒಳಗೆ ಬಂದರು. ಅವರು ಸ್ತ್ರೀರೋಗ ತಜ್ಞರು. ಮುಟ್ಟು ಸರಿಯಿಲ್ಲದ, ಅಂಡಾಶಯ ದೊಡ್ಡದಾಗಿದ್ದ ಏಳು ಹೆಂಗಸರಿಗೆ ಆಪರೇಷನ್ ಮಾಡಿ ಅಂಡಾಶಯದ ಒಂದೊಂದು ಭಾಗ ಕತ್ತರಿಸಿ ತೆಗೆದರು. ಏಳೂ ಜನಕ್ಕೆ ಮುಟ್ಟು ಮರಳಿತು, ಇಬ್ಬರು ಗರ್ಭಿಣಿಯಾದರು. ಆಗಿನ ಕಾಲಕ್ಕೆ ದೊಡ್ಡ ಸುದ್ದಿ. ಕಾಯಿಲೆಗೆ ಅವರ ಹೆಸರೇ ನಿಂತಿತು. ಅದರ ಜೊತೆಗೇ ಒಂದು ನಂಬಿಕೆಯೂ ನಿಂತುಬಿಟ್ಟಿತು: ತೊಂದರೆ ಇರುವುದು ಅಂಡಾಶಯದಲ್ಲಿ, ಅಲ್ಲೇ ರಿಪೇರಿ ಮಾಡಬೇಕು.

ಮರುವರ್ಷ, 1936ರಲ್ಲಿ, ಲಂಡನ್ನಿನ ಹೆರಾಲ್ಡ್ ಹಿಮ್ಸ್‌ವರ್ತ್ ರೋಗಿಗಳಿಗೆ ಗ್ಲೂಕೋಸನ್ನೂ ಇನ್ಸುಲಿನ್ನನ್ನೂ ಒಟ್ಟಿಗೆ ಕೊಟ್ಟು ನೋಡಿದ. ಕೆಲವರಲ್ಲಿ ಸಕ್ಕರೆ ಹತೋಟಿಗೆ ಬಂತು, ಕೆಲವರಲ್ಲಿ ಬರಲಿಲ್ಲ. ಡಯಾಬಿಟಿಸ್ ಅಂದರೆ ಇನ್ಸುಲಿನ್ ಕೊರತೆಯೊಂದೇ ಅಲ್ಲ, ಇನ್ಸುಲಿನ್ನಿನ ಮಾತು ಕೇಳದ ದೇಹವೂ ಇದೆ ಅಂದ. ಒಂದು ವರ್ಷದ ಅಂತರದಲ್ಲಿ ಶಿಕಾಗೋ ಒಂದು ತುಂಡು ಹಿಡಿದಿತ್ತು, ಲಂಡನ್ ಇನ್ನೊಂದು. ಒಂದು ಹೋಗಿದ್ದು ಹೆರಿಗೆ ವಿಭಾಗಕ್ಕೆ, ಇನ್ನೊಂದು ಜನರಲ್ ಮೆಡಿಸಿನ್‌ಗೆ. ಒಂದೇ ಬಗ್‌ಗೆ ಎರಡು ಟೀಮಿನಲ್ಲಿ ಎರಡು ಟಿಕೆಟ್. ಇದು ನಮಗೆ ಹೊಸದೇನಲ್ಲ, ಅಲ್ವಾ?

ಅಳೆಯಲು ಬಂದ ಮೇಲೆ

ರಕ್ತದಲ್ಲಿ ಇನ್ಸುಲಿನ್ ಎಷ್ಟಿದೆ ಅಂತ ನಿಖರವಾಗಿ ಅಳೆಯುವ ವಿಧಾನ ಕೊಟ್ಟವರು ನ್ಯೂಯಾರ್ಕಿನ ರೋಸಲಿನ್ ಯಾಲೋ ಮತ್ತು ಸಾಲಮನ್ ಬರ್ಸನ್, 1960ರ ಹೊತ್ತಿಗೆ. ದೊಡ್ಡವರಿಗೆ ಬರುವ ಡಯಾಬಿಟಿಸ್‌ನಲ್ಲಿ ಇನ್ಸುಲಿನ್ ಇರುತ್ತೆ, ಎಷ್ಟೋ ಸಲ ಜಾಸ್ತಿಯೇ ಇರುತ್ತೆ ಅಂತ ಗೊತ್ತಾಯಿತು. ಯಾಲೋಗೆ 1977ರಲ್ಲಿ ನೊಬೆಲ್ ಬಂತು. ಬರ್ಸನ್ ಆಗಲೇ ತೀರಿಕೊಂಡಿದ್ದರು.

1976ರಲ್ಲಿ ರೊನಾಲ್ಡ್ ಕಾನ್ ಮತ್ತು ಸಂಗಡಿಗರು ವಿಪರೀತ ಇನ್ಸುಲಿನ್ ರೆಸಿಸ್ಟೆನ್ಸ್ ಇದ್ದ ಕೆಲವೇ ರೋಗಿಗಳ ಬಗ್ಗೆ ಬರೆದರು. ಅವರಲ್ಲಿ ಗಂಡು ಹಾರ್ಮೋನಿನ ಲಕ್ಷಣಗಳಿದ್ದ ಎಳೆ ವಯಸ್ಸಿನ ಹೆಣ್ಣುಮಕ್ಕಳಿದ್ದರು. ಎಲ್ಲರ ಕತ್ತು, ಕಂಕುಳು ಕಪ್ಪಾಗಿ ಮಖಮಲ್ಲಿನಂತೆ ದಪ್ಪವಾಗಿತ್ತು. ಈ ಕಪ್ಪಿಗೆ ಅಕ್ಯಾಂಥೋಸಿಸ್ ನಿಗ್ರಿಕಾನ್ಸ್ ಅಂತ ಹೆಸರು. ಅದನ್ನು ಓದಿ ನಾನು ಲ್ಯಾಪ್‌ಟಾಪ್ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ನಾನು ಹುಟ್ಟುವ ಮೊದಲೇ ಅಚ್ಚಾಗಿದ್ದ ವಿಷಯ ಅದು.

1980ರಲ್ಲಿ ಅಮೆರಿಕದ ಬರ್ಗೆನ್, ಗಿವೆನ್ಸ್ ಮತ್ತು ಕಿಟಬ್ಚಿ ಪಿಸಿಓಎಸ್ ಇದ್ದ ಹೆಂಗಸರಲ್ಲಿ ಇನ್ಸುಲಿನ್ ಹೆಚ್ಚಿದಷ್ಟೂ ಗಂಡು ಹಾರ್ಮೋನೂ ಹೆಚ್ಚಿರುವುದನ್ನು ತೋರಿಸಿದರು. ಅಶಾರ್ ಮತ್ತು ತಿಯರ್ಸ್ ಬರೆದು ಅಷ್ಟರಲ್ಲಿ 59 ವರ್ಷ ಆಗಿತ್ತು.

"ದಪ್ಪ ಇರೋದ್ರಿಂದಲೇ ಇದೆಲ್ಲ" ಅನ್ನುವ ಮಾತಿಗೆ ಉತ್ತರ ಬಂದಿದ್ದು 1989ರಲ್ಲಿ. ಆಂಡ್ರಿಯಾ ಡುನೈಫ್ ಅನ್ನುವ ವೈದ್ಯೆಯ ತಂಡ ಕ್ಲ್ಯಾಂಪ್ ಅನ್ನುವ ಪರೀಕ್ಷೆ ಬಳಸಿತು. ಅದು ನಮಗೆ ಚೆನ್ನಾಗಿ ಗೊತ್ತಿರುವ ಫೀಡ್‌ಬ್ಯಾಕ್ ಲೂಪ್. ರಕ್ತಕ್ಕೆ ಒಂದೇ ಸಮ ಇನ್ಸುಲಿನ್ ಬಿಡ್ತಾರೆ, ಸಕ್ಕರೆ ಇಳಿಯದಂತೆ ಗ್ಲೂಕೋಸ್ ಸೇರಿಸ್ತಾ ಹೋಗ್ತಾರೆ. ಎಷ್ಟು ಕಡಿಮೆ ಗ್ಲೂಕೋಸ್ ಹಿಡಿಯಿತೋ ದೇಹ ಅಷ್ಟು ಕಿವುಡು. ಪಿಸಿಓಎಸ್ ಇದ್ದವರಲ್ಲಿ ದಪ್ಪಗಿದ್ದವರಷ್ಟೇ ಅಲ್ಲ, ತೆಳ್ಳಗಿದ್ದವರಲ್ಲೂ ಈ ಕಿವುಡುತನ ಕಂಡಿತು. ತೂಕ ಅದನ್ನು ಹೆಚ್ಚು ಮಾಡುತ್ತೆ ನಿಜ, ಆದರೆ ತೂಕವೊಂದೇ ಕಾರಣ ಅಲ್ಲ.

ಹೆಡ್‌ಫೋನ್ ಹಾಕಿದ ಮಗ

ಇದು ಒಳಗೆ ಹೇಗೆ ನಡೆಯುತ್ತೆ? ಮನೆಯಲ್ಲಿ ಮಗ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದಾನೆ ಅಂದ್ಕೊಳ್ಳಿ. ಅಮ್ಮ ಊಟಕ್ಕೆ ಕರೀತಾಳೆ, ಅವನಿಗೆ ಕೇಳಲ್ಲ. ಗಂಟಲು ಹರಿಯುವಂತೆ ಕೂಗಿದ ಮೇಲೆ ಎದ್ದು ಬರ್ತಾನೆ. ಊಟವೇನೋ ಆಯಿತು, ಆದರೆ ಆ ಕೂಗಿಗೆ ಅಕ್ಕಪಕ್ಕದ ಫ್ಲಾಟಿನವರೆಲ್ಲ ಬಾಗಿಲು ತೆರೆದರು.

ಮಗ ಅಂದರೆ ಸ್ನಾಯು, ಕೂಗು ಅಂದರೆ ಇನ್ಸುಲಿನ್. ಸ್ನಾಯುವಿಗೆ ಕೇಳದೇ ಇದ್ದಾಗ ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸುರಿಯುತ್ತೆ. ಅದಕ್ಕೇ ಖಾಲಿ ಹೊಟ್ಟೆಯ ಸಕ್ಕರೆ ವರ್ಷಗಟ್ಟಲೆ ನಾರ್ಮಲ್ ಕಾಣೋದು. ಪಕ್ಕದ ಮನೆಯ ಅಂಡಾಶಯಕ್ಕೆ ಕಿವಿ ಚೆನ್ನಾಗಿದೆ. ಅದು ಗಂಡು ಹಾರ್ಮೋನು ಹೆಚ್ಚು ಮಾಡುತ್ತೆ. ಆ ಹಾರ್ಮೋನನ್ನು ರಕ್ತದಲ್ಲಿ ಕಟ್ಟಿಹಾಕುವ ಪ್ರೋಟೀನನ್ನು ಲಿವರ್ ಕಡಿಮೆ ಮಾಡುತ್ತೆ. ಮೊಡವೆ, ಗಲ್ಲದ ಕೂದಲು, ತಪ್ಪುವ ಮುಟ್ಟು ಇಲ್ಲಿಂದ. ಚರ್ಮಕ್ಕೂ ಕೂಗು ಕೇಳುತ್ತೆ, ಕತ್ತಿನಲ್ಲಿ ಅದು ದಪ್ಪವಾಗಿ ಕಪ್ಪಾಗುತ್ತೆ. ಪಿಸಿಓಎಸ್ ಇರುವ ಎಲ್ಲರಲ್ಲೂ ಹೀಗೇ ಆಗಲ್ಲ, ಇದೊಂದೇ ಕಾರಣವೂ ಅಲ್ಲ. ಆದರೆ ಬಹಳ ಜನರಲ್ಲಿ ಇದೇ ಕಥೆ.

ಹಾಗಾದರೆ ಕೂಗು ಇಳಿಸಿದರೆ? ಡಯಾಬಿಟಿಸ್‌ಗೆ 1957ರಲ್ಲಿ ಫ್ರಾನ್ಸಿನ ಜೀನ್ ಸ್ಟರ್ನ್ ಬಳಕೆಗೆ ತಂದ ಮೆಟ್‌ಫಾರ್ಮಿನನ್ನು 1994ರಲ್ಲಿ ವೆನೆಜುವೆಲಾದ ವೈದ್ಯರ ತಂಡ ಪಿಸಿಓಎಸ್‌ನಲ್ಲಿ ಕೊಟ್ಟು ನೋಡಿತು. ಇನ್ಸುಲಿನ್ ಇಳಿಯಿತು, ಗಂಡು ಹಾರ್ಮೋನು ಇಳಿಯಿತು, ಹಲವರಿಗೆ ಮುಟ್ಟು ಮರಳಿತು. ಎಲ್ಲರೂ ಇದೇ ರಾಮಬಾಣ ಅಂದುಕೊಂಡರು. 2007ರಲ್ಲಿ ರಿಚರ್ಡ್ ಲೆಗ್ರೋ ನೇತೃತ್ವದಲ್ಲಿ 626 ಹೆಂಗಸರ ಮೇಲೆ ನಡೆದ ಅಧ್ಯಯನ ಕಾಲು ನೆಲಕ್ಕೆ ತಂದಿತು. ಕ್ಲೋಮಿಫೀನ್ ತಗೊಂಡವರಲ್ಲಿ ಮಗು ಹುಟ್ಟಿದ್ದು ಶೇ. 22.5, ಮೆಟ್‌ಫಾರ್ಮಿನ್ ಮಾತ್ರ ತಗೊಂಡವರಲ್ಲಿ ಶೇ. 7.2. ಮಗುವಿಗೆ ಕೊಡುವ ಔಷಧಿ ಬೇರೆ, ಸಕ್ಕರೆಗೆ ಕೊಡುವುದು ಬೇರೆ. ನಮ್ಮಲ್ಲಿ ಮೊದಲನೆಯದರ ಚಿಂತೆಗೆ ಮನೆಮಂದಿಯೆಲ್ಲ ಸೇರ್ತಾರೆ, ಎರಡನೆಯದು ಅವಳೊಬ್ಬಳ ಪಾಲಿಗೆ.

ರೋಗ ಪತ್ತೆಗೆ ಇಂದಿಗೂ ಆಧಾರವಾಗಿರುವ 2003ರ ರೋಟರ್‌ಡ್ಯಾಮ್ ಮಾನದಂಡದಲ್ಲಿ ಮುಟ್ಟು ಇದೆ, ಗಂಡು ಹಾರ್ಮೋನು ಇದೆ, ಅಂಡಾಶಯದ ಸ್ಕ್ಯಾನ್ ಇದೆ. ಇನ್ಸುಲಿನ್ ಇಲ್ಲ. 2012ರಲ್ಲಿ ಅಮೆರಿಕದ ಎನ್‌ಐಎಚ್ ಕರೆದ ತಜ್ಞರ ಸಮಿತಿ ಈ ಹೆಸರೇ ದಾರಿ ತಪ್ಪಿಸುತ್ತಿದೆ, ಬದಲಾಯಿಸಿ ಅಂತ ಹೇಳಿತು. ನನಗೆ ಅದು ಸಣ್ಣ ವಿಷಯ ಅನ್ನಿಸಲ್ಲ. ವೇರಿಯಬಲ್‌ಗೆ ತಪ್ಪು ಹೆಸರಿಟ್ಟರೆ ಮುಂದೆ ಬಂದವರೆಲ್ಲ ತಪ್ಪು ಜಾಗದಲ್ಲೇ ಹುಡುಕ್ತಾರೆ. ನನ್ನನ್ನೂ ಅಲ್ಲೇ ಹುಡುಕಿದ್ದರು.

ಹೋದ ದೀಪಾವಳಿಗೆ ಊರಿಗೆ ಹೋಗಿದ್ದೆ. ನೀರು ತುಂಬುವ ಹಬ್ಬದ ಮರುದಿನ ಬಚ್ಚಲಲ್ಲಿ ಅಮ್ಮ ಅಣ್ಣನ ಮಗಳ ಕತ್ತಿಗೆ ಕಡಲೆಹಿಟ್ಟು ತಿಕ್ಕುತ್ತಿದ್ದಳು. ಹುಡುಗಿಗೆ ಹದಿನಾಲ್ಕು. ನಾನು ಬಟ್ಟಲು ಇಸ್ಕೊಂಡು ಇದೇ ಕಥೆ ಚಿಕ್ಕದಾಗಿ ಹೇಳಿದೆ. ಅಮ್ಮ ಕೈ ತೊಳ್ಕೊಂಡು, "ನಿನಗೂ ಎಷ್ಟು ತಿಕ್ಕಿದ್ದೆನಲ್ಲೇ" ಅಂದಳು. ಬೇರೇನೂ ಹೇಳಲಿಲ್ಲ. ಮರುವಾರ ಅವಳೇ ಮೊಮ್ಮಗಳನ್ನು ಡಾಕ್ಟರ ಹತ್ತಿರ ಕರ್ಕೊಂಡು ಹೋದಳು.

ಪಿಸಿಓಎಸ್ ಅಂತ ಹೇಳಿಸಿಕೊಂಡಿರುವವರು ನಿಮ್ಮ ಮನೆಯಲ್ಲಿದ್ದರೆ, ಅವರು ತೆಳ್ಳಗಿದ್ದರೂ, 75 ಗ್ರಾಂ ಗ್ಲೂಕೋಸ್ ಕುಡಿಸಿ ಮಾಡುವ ಎರಡು ಗಂಟೆಯ ಪರೀಕ್ಷೆಯ ಬಗ್ಗೆ ಡಾಕ್ಟರನ್ನು ಕೇಳಿ. 2023ರ ಅಂತಾರಾಷ್ಟ್ರೀಯ ಮಾರ್ಗಸೂಚಿ ಹೇಳುವುದೂ ಅದನ್ನೇ. ಇನ್ಸುಲಿನ್ ಮಟ್ಟ ಅಳೆಯುವ ದುಬಾರಿ ಪ್ಯಾಕೇಜು ಮಾಮೂಲಿಯಾಗಿ ಬೇಕಿಲ್ಲ ಅಂತಲೂ ಅದರಲ್ಲಿದೆ. ಕತ್ತು ಕಪ್ಪಾಗಿದ್ದರೆ ತಿಕ್ಕಬೇಡಿ, ತೋರಿಸಿ.

ಮುಂದಿನ ವಾರ ಸಿಗೋಣ.