ಊರು ಹೇಳದ ಬಾನುಲಿ

ರೇಡಿಯೊ ಮುಳ್ಳು ತಿರುಗಿಸುವಾಗ ಗೊರಗೊರ ಸದ್ದಿನ ನಡುವೆ ಕ್ಷೀಣವಾದ ದನಿಯೊಂದು ಸಿಕ್ಕರೆ, ‘ಇದು ಯಾವ ಊರಿನದು?’ ಎಂದು ಕಿವಿಗೊಡುತ್ತೇವೆ. 1942ರ ಆಗಸ್ಟಿನಲ್ಲಿ ಕೇಳಿಸತೊಡಗಿದ ಒಂದು ನಿಲಯ ಮಾತ್ರ ಹೆಸರು ಹೇಳಿತು, ಊರು ಹೇಳಲಿಲ್ಲ. 42.34 ಮೀಟರಿನಲ್ಲಿ ಕಾಂಗ್ರೆಸ್ ರೇಡಿಯೊ, ಭಾರತದ ಎಲ್ಲಿಂದಲೋ. ಅಷ್ಟೇ ಅದರ ವಿಳಾಸ.

ಊರು ಮುಂಬಯಿ. ನಡೆಸುತ್ತಿದ್ದವರಲ್ಲಿ ಮುಖ್ಯಳು, ಓದು ಬಿಟ್ಟು ಚಳವಳಿಗೆ ಬಂದ 22 ವರ್ಷದ ಉಷಾ ಮೆಹ್ತಾ. ಗಾಂಧೀಜಿ ಸೆರೆಯಲ್ಲಿದ್ದರು, ಪತ್ರಿಕೆಗಳ ಬಾಯಿಗೆ ಬೀಗ ಬಿದ್ದಿತ್ತು. ಅವು ಅಚ್ಚುಹಾಕಲಾಗದ ಸುದ್ದಿಯನ್ನು ಈ ಬಾನುಲಿ ಹೇಳುತ್ತಿತ್ತು.

ಆದರೆ ರೇಡಿಯೊ ಅಲೆ ತಾನು ಹೊರಟ ದಿಕ್ಕನ್ನು ಬಚ್ಚಿಡಲಾರದು. ಎರಡು ಕಡೆಯಿಂದ ದಿಕ್ಕು ಅಳೆದು ಗೆರೆ ಎಳೆದರೆ, ಅವು ಕೂಡುವ ಕಡೆ ಮನೆ. ಪೊಲೀಸರ ವ್ಯಾನುಗಳು ಹೀಗೆ ಹುಡುಕುತ್ತಿದ್ದುದರಿಂದ ಯಂತ್ರ ಮನೆಯಿಂದ ಮನೆಗೆ ಅಲೆಯಬೇಕಾಯಿತು. ಕೊನೆಗೆ ಹಿಡಿದುಕೊಟ್ಟದ್ದು ಯಂತ್ರವಲ್ಲ, ಮನುಷ್ಯ. ಸಿಕ್ಕಿಬಿದ್ದ ತಂತ್ರಜ್ಞನೊಬ್ಬ ಮನೆ ತೋರಿಸಿದ. 1942ರ ನವೆಂಬರ್ 12ರಂದು ಉಷಾ ಸೆರೆಯಾದರು.

ಆಮೇಲೆ ತಿಂಗಳುಗಟ್ಟಲೆ ವಿಚಾರಣೆ. ಜೊತೆಯವರನ್ನು ತೋರಿಸಿಕೊಟ್ಟರೆ ವಿದೇಶದಲ್ಲಿ ಓದಿಸುತ್ತೇವೆಂಬ ಆಮಿಷ ಬೇರೆ. ಅರ್ಧಕ್ಕೆ ಓದು ಬಿಟ್ಟ ಹುಡುಗಿಗೆ ಅದು ಸಣ್ಣ ಆಮಿಷವೇ? ಆಕೆ ಬಾಯಿ ಬಿಡಲಿಲ್ಲ. ನಾಲ್ಕು ವರ್ಷದ ಶಿಕ್ಷೆಯಾಯಿತು, 1946ರಲ್ಲಿ ಬಿಡುಗಡೆ. ಮುಂದೆ ಓದು ಮುಗಿಸಿ ಮುಂಬಯಿ ವಿಶ್ವವಿದ್ಯಾಲಯದಲ್ಲಿ ರಾಜ್ಯಶಾಸ್ತ್ರ ಕಲಿಸಿದರು. 1998ರಲ್ಲಿ ಪದ್ಮವಿಭೂಷಣ ಬಂತು, 2000ದಲ್ಲಿ ತೀರಿಕೊಂಡರು.

ಹೆಣ್ಣಿಗೆ ಬಾಯಿ ನಿಲ್ಲದು ಎಂದು ಆಡಿಕೊಳ್ಳುವವರಿಗೆ ನಾನು ಈ ಕಥೆ ಹೇಳುತ್ತೇನೆ. ಯಾವಾಗ ಮಾತಾಡಬೇಕು, ಯಾವಾಗ ಕೂಡದು, ಎರಡೂ ಆಕೆಗೆ ಗೊತ್ತಿತ್ತು.