ದರ್ಶನದ ಮೂರ್ತಿ, ಕಥೆಯ ಮೂರ್ತಿ

ಜಾತ್ರಾ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ದೇವಾಲಯಗಳ ಚಿತ್ರ ಪರಂಪರೆಯ ಬಗ್ಗೆ ನಾಲ್ಕು ಮಾತು ಬರೆದುಕೊಡಬೇಕೆಂದು ಸಮಿತಿಯ ಹಿರಿಯರು ಅಪ್ಪಣೆ ಮಾಡಿದಾಗ ನನಗೆ ಮೊದಲು ನೆನಪಾದದ್ದು ಯಾವ ಗ್ರಂಥವೂ ಅಲ್ಲ, ನಮ್ಮ ಅಜ್ಜಿ. ಆಕೆಗೆ ಅಕ್ಷರ ಬರುತ್ತಿರಲಿಲ್ಲ. ನಾನು ಚಿಕ್ಕವನಿದ್ದಾಗ ಒಂದು ಯುಗಾದಿಗೆ ಶ್ರೀಶೈಲಕ್ಕೆ ಕರೆದುಕೊಂಡು ಹೋಗಿದ್ದಳು. ಯುಗಾದಿಯ ಹೊತ್ತಿಗೆ ಅಲ್ಲಿ ಕನ್ನಡದ ಭಕ್ತರದೇ ಜನಸಾಗರವೆಂಬುದು ತಮಗೆಲ್ಲ ತಿಳಿದದ್ದೇ. ದರ್ಶನದ ಸಾಲು ದೊಡ್ಡದಿತ್ತು. ಅಜ್ಜಿ ನನ್ನನ್ನು ವಿಜಯನಗರದ ಕಾಲದ ಆ ಹೊರಪ್ರಾಕಾರದ ಗೋಡೆಯ ಬಳಿ ನಿಲ್ಲಿಸಿ, ಕಲ್ಲಿನಲ್ಲಿ ಕಡೆದ ಆನೆ, ಕುದುರೆ, ಬೇಟೆಗಾರರನ್ನು ಒಂದೊಂದಾಗಿ ತೋರಿಸುತ್ತ ಬಂದಳು. ಕಿರಾತಾರ್ಜುನರ ಮುಂದೆ ನಿಂತು, "ನೋಡು, ಇಬ್ಬರೂ ಹಂದಿ ತಂದು ಅಂತ ಜಗಳಾಡ್ಲಿಕತ್ತಾರ. ಇಂವ ಬ್ಯಾಡ ಅಲ್ಲ, ನಮ್ಮ ಮಲ್ಲಯ್ಯ. ಅರ್ಜುನಗ ಗೊತ್ತಿಲ್ಲ, ನಮಗ ಗೊತ್ತದ" ಎಂದಳು.

ಅರ್ಜುನನಿಗೆ ಗೊತ್ತಿಲ್ಲ, ನಮಗೆ ಗೊತ್ತಿದೆ. ಚಿತ್ರದಲ್ಲಿ ಕಥೆ ಹೇಳುವ ವಿದ್ಯೆಯ ಬಗ್ಗೆ ಅನಂತರ ನಾನು ಓದಿದ ಎಷ್ಟೋ ಪುಸ್ತಕಗಳಲ್ಲಿ ಇಷ್ಟು ಅಚ್ಚುಕಟ್ಟಾದ ಮಾತು ಸಿಕ್ಕಿಲ್ಲ. ಅಕ್ಷರವಿಲ್ಲದ, ಮಾತಿಲ್ಲದ ಕಲ್ಲಿನ ಮೇಲೆ ಶಿಲ್ಪಿ ಇದನ್ನು ಹೇಗೆ ಸಾಧಿಸಿದ? ಯಾರು ಯಾರೆಂಬುದು, ಅವರ ಮನಸ್ಸಿನಲ್ಲಿ ಏನಿದೆಯೆಂಬುದು ನೋಡಿದ ಕೂಡಲೇ ಹೇಗೆ ತಿಳಿಯುತ್ತದೆ? ಪ್ರಸ್ತುತ ಲೇಖನದಲ್ಲಿ ಅದನ್ನೇ ನನ್ನ ಅಲ್ಪಮತಿಗೆ ಎಟುಕಿದಷ್ಟು ನಿವೇದಿಸುತ್ತೇನೆ.

ಈ ವಿದ್ಯೆಗೆ ಶಾಸ್ತ್ರ ಬರೆದವರಲ್ಲಿ ಒಬ್ಬ ನಮ್ಮ ನೆರೆಯವನೇ. 1956ರ ರಾಜ್ಯ ಪುನರ್ವಿಂಗಡಣೆಗೆ ಮುಂಚೆ ನಮ್ಮ ತಾಂಡೂರು ಸೀಮೆ ಗುಲಬರ್ಗಾ ಜಿಲ್ಲೆಯಲ್ಲಿತ್ತು. ಜಹೀರಾಬಾದ್, ನಾರಾಯಣಖೇಡಗಳು ಬೀದರ ಜಿಲ್ಲೆಯಲ್ಲಿದ್ದವು. ಅದೇ ಬೀದರ ಜಿಲ್ಲೆಯ ಕಲ್ಯಾಣದಲ್ಲಿ, ಅಂದರೆ ಇಂದಿನ ಬಸವಕಲ್ಯಾಣದಲ್ಲಿ, ಆಳುತ್ತಿದ್ದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ 'ಮಾನಸೋಲ್ಲಾಸ'ವೆಂಬ ಸಂಸ್ಕೃತ ಗ್ರಂಥ ರಚಿಸಿದ. 'ಅಭಿಲಷಿತಾರ್ಥ ಚಿಂತಾಮಣಿ' ಎಂಬುದೂ ಅದರ ಹೆಸರೇ. ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ಭಾಗಗಳಲ್ಲಿ ಅಡಿಗೆ, ಆನೆ, ರಾಜ್ಯಭಾರ, ಸಂಗೀತ ಎಲ್ಲವನ್ನೂ ಹೇಳಿದ ಈ ಅರಸ ಚಿತ್ರಕ್ಕೂ ಜಾಗ ಕೊಟ್ಟಿದ್ದಾನೆ. ಚಿತ್ರವಿದ್ಯೆಯಲ್ಲಿ ತಾನು ಬ್ರಹ್ಮನೇ ಎಂಬರ್ಥದ ಬಿರುದನ್ನೂ ತನಗೆ ತಾನೇ ಹಚ್ಚಿಕೊಂಡಿದ್ದಾನೆ! ಅರಸರಿಗೆ ಇಷ್ಟು ಸ್ವಾತಂತ್ರ್ಯ ಇರಬೇಕಾದ್ದೇ. ಆದರೆ ಆತ ಹೇಳುವ ವಿವರ ನೋಡಿದರೆ ಕೈಯಲ್ಲಿ ಕುಂಚ ಹಿಡಿದವನೇ ಎಂದು ನಂಬಬೇಕಾಗುತ್ತದೆ.

ಗೋಡೆಯನ್ನು ನುಣುಪು ಮಾಡುವುದು, ಎಮ್ಮೆಯ ತೊಗಲನ್ನು ಬೆಣ್ಣೆಯಂತಾಗುವವರೆಗೆ ಕುದಿಸಿ 'ವಜ್ರಲೇಪ'ವೆಂಬ ಅಂಟು ಮಾಡುವುದು, ಕರುವಿನ ಕಿವಿಯ ಕೂದಲಿನಿಂದ ಕುಂಚ ಕಟ್ಟುವುದು ಎಲ್ಲವೂ ಅಲ್ಲಿದೆ. ನನಗೆ ಬಹಳ ಹಿಡಿಸಿದ್ದು ಮೊದಲ ಗೆರೆ ಎಳೆಯುವ ಕಡ್ಡಿಯ ವಿಷಯ. ದೀಪದ ಕಾಡಿಗೆಯನ್ನು ಬೆಂದ ಅನ್ನದೊಂದಿಗೆ ಅರೆದು ಬತ್ತಿಯಂತೆ ಹೊಸೆಯಬೇಕು. ಅದಕ್ಕೆ 'ವರ್ತಿಕೆ' ಎಂದು ಹೆಸರು. ದೇವರ ಮುಂದಿನ ದೀಪದ ಮಸಿ, ಮನೆಯ ಅನ್ನ, ಇವೆರಡರಿಂದ ಚಿತ್ರ ಆರಂಭ. ಬಣ್ಣ ಆಮೇಲಿನ ಮಾತು.

ಚಿತ್ರಗಳ ಬಗೆಗಳನ್ನೂ ಆತ ವಿಂಗಡಿಸಿದ್ದಾನೆ. ಕನ್ನಡಿಯಲ್ಲಿ ಕಂಡಂತೆ ಹೋಲಿಕೆ ಬರುವುದು 'ವಿದ್ಧ'. ಬರೆಯಬೇಕೆಂದು ಥಟ್ಟನೆ ಮನಸ್ಸಾದಾಗ ಬರಿಯ ಆಕಾರ ಮೂಡುವಂತೆ ಗೀಚುವುದು 'ಅವಿದ್ಧ'; ಇಂದಿನ ಹುಡುಗರು ಸ್ಕೆಚ್ ಎನ್ನುವುದು ಇದನ್ನೇ. ನೋಡಿದ ಮಾತ್ರಕ್ಕೆ ಶೃಂಗಾರವೇ ಮೊದಲಾದ ರಸಗಳು ಮನಸ್ಸಿಗೆ ತಟ್ಟಿದರೆ ಅದು 'ಭಾವಚಿತ್ರ'. ಇಂದು ನಾವು ಆ ಪದವನ್ನು ಫೋಟೋಗೆ ಬಳಸುತ್ತೇವೆ. ಸೋಮೇಶ್ವರನ ಲೆಕ್ಕದಲ್ಲಿ ಫೋಟೋ ವಿದ್ಧವಾದೀತು, ಭಾವಚಿತ್ರವಾಗಲು ಇನ್ನೂ ಏನೋ ಬೇಕು. ನಮ್ಮ ಅಂಗಳದ ರಂಗೋಲಿಯನ್ನೂ ಆತ ಬಿಟ್ಟಿಲ್ಲ. ಪುಡಿಯಿಂದ ಬರೆಯುವುದನ್ನು 'ಧೂಲಿಚಿತ್ರ'ವೆಂದು ಕರೆದಿದ್ದಾನೆ.

ಇನ್ನೊಂದು ವಿಷಯವೇ ಮುಖ್ಯವಾದದ್ದು. ಆಕೃತಿ ಯಾವ ಕಡೆ ತಿರುಗಿ ನಿಂತಿದೆಯೆಂಬುದಕ್ಕೆ ಆತ ಐದು ಸ್ಥಾನಗಳನ್ನು ಹೇಳುತ್ತಾನೆ. ನೇರ ನಮ್ಮೆದುರು ನಿಂತದ್ದು 'ಋಜು'. ಅಲ್ಲಿಂದ ಸ್ವಲ್ಪ ಸ್ವಲ್ಪವೇ ಹೊರಳುತ್ತ 'ಅರ್ಧಋಜು', 'ಸಾಚಿ', 'ಅರ್ಧಾಕ್ಷಿ'. ಕೊನೆಗೆ ಪೂರ್ತಿ ಪಕ್ಕಕ್ಕೆ ತಿರುಗಿದರೆ 'ಭಿತ್ತಿಕ'. ಇದನ್ನು ಓದಿದ ಮೇಲೆ ಗುಡಿಗಳನ್ನು ನೋಡಿದಾಗ ನನಗೆ ಒಂದು ಅಂಶ ಹೊಳೆಯಿತು. ಪೂಜೆಗೊಳ್ಳುವ ಮೂರ್ತಿ ನಮ್ಮನ್ನು ನೋಡುತ್ತದೆ. ಕಥೆಯ ಮೂರ್ತಿ ನಮ್ಮನ್ನು ನೋಡುವುದಿಲ್ಲ. ಗರ್ಭಗುಡಿಯ ರಾಮ ಭಕ್ತನ ಕಡೆ ಮುಖ ಮಾಡಿ ಅಭಯ ಕೊಡುತ್ತಾನೆ. ಗೋಡೆಯ ಮೇಲಿನ ರಾಮ ವಾಲಿಯ ಕಡೆ, ಸುಗ್ರೀವನ ಕಡೆ, ಮಾಯಾಮೃಗದ ಕಡೆ ನೋಡುತ್ತಿರುತ್ತಾನೆ. ಒಂದರಲ್ಲಿ ಕಣ್ಣು ಕಣ್ಣು ಕೂಡುವುದೇ ಫಲ. ಇನ್ನೊಂದರಲ್ಲಿ ನಾವು ಕಂಬದ ಮರೆಯಲ್ಲಿ ನಿಂತು ಅವರ ಸಂಸಾರವನ್ನು ನೋಡಿದ ಹಾಗೆ. ಎಲ್ಲ ಕಡೆಯೂ ಇದು ಹೀಗೆಯೇ ಎಂದು ಹಟ ಹಿಡಿಯಲಾರೆ. ಕಥೆಯ ನಡುವೆಯೂ ಥಟ್ಟನೆ ಎದುರು ನಿಲ್ಲುವ ದೇವರುಂಟು. ಆದರೆ ಪಾತ್ರಗಳು ಒಬ್ಬರನ್ನೊಬ್ಬರು ನೋಡುವುದರಿಂದಲೇ ಗೋಡೆಯ ಮೇಲೆ ಕಥೆ ಹುಟ್ಟುತ್ತದೆಂಬುದರಲ್ಲಿ ಸಂಶಯವಿಲ್ಲ.

ಸೋಮೇಶ್ವರನಿಗಿಂತ ನಾಲ್ಕು ಶತಮಾನ ಹಿಂದೆ ಹೋಗೋಣ. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯವನ್ನು, ಎರಡನೆಯ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ ನೆನಪಿಗೆ, ಅವನ ರಾಣಿ ಲೋಕಮಹಾದೇವಿ ಸುಮಾರು 740ರ ದಶಕದಲ್ಲಿ ಕಟ್ಟಿಸಿದಳು. ಒಳಗಿನ ಕಂಬಗಳ ಮೇಲೆ ರಾಮಾಯಣ, ಮಹಾಭಾರತ, ಭಾಗವತ, ಪಂಚತಂತ್ರದ ಕಥೆಗಳಿವೆ. ಕಂಬದ ಮೇಲೆ ಸಿಗುವ ಜಾಗ ಒಂದು ಮೊಳವೂ ಇರದು. ಅಷ್ಟರಲ್ಲಿ ಮುಖದ ಹಾವಭಾವ ತೋರಿಸುವುದೆಂತು? ಶಿಲ್ಪಿ ಮುಖವನ್ನು ನೆಚ್ಚಿಕೊಂಡಿಲ್ಲ, ಮೈಯನ್ನು ನೆಚ್ಚಿಕೊಂಡಿದ್ದಾನೆ. ಜಟಾಯು ರಾವಣನ ಮೇಲೆ ಎರಗುವಾಗ ಹಕ್ಕಿಯ ಮುಖದಲ್ಲಿ ಕೋಪ ಹುಡುಕಬೇಕಾಗಿಲ್ಲ, ರೆಕ್ಕೆಯಲ್ಲಿಯೇ ಇದೆ. ಅಲ್ಲಿಯ ಪಾಪನಾಥ ದೇವಾಲಯದಲ್ಲಿ ತೆಂಕಣ ಗೋಡೆಗೆ ರಾಮಾಯಣ, ಬಡಗಣ ಗೋಡೆಗೆ ಅರ್ಜುನನ ಕಥೆ. ಕೆಲವು ಆಕೃತಿಗಳ ಬಳಿ ಪಾತ್ರದ ಹೆಸರನ್ನು ಕೆತ್ತಿದ್ದಾರೆ. ಓದು ಬಲ್ಲವರಿಗೆ ಅದು ಸಹಾಯ, ಬಾರದವರಿಗೆ ಅದಿಲ್ಲದೆಯೂ ನಡೆದೀತು.

ರಾಷ್ಟ್ರಕೂಟರು ಇದನ್ನೇ ಹಿಗ್ಗಿಸಿದರು. ತಾಂಡೂರಿನ ಬಳಿ ಹರಿಯುವ ನಮ್ಮ ಕಾಗಿಣಾ ನದಿ ಮುಂದೆ ಸೇಡಂ ತಾಲೂಕಿನ ಮಳಖೇಡದ ಕೋಟೆಯ ಕಾಲು ತೊಳೆಯುತ್ತದಲ್ಲ, ಆ ಮಳಖೇಡವೇ ಅವರ ಮಾನ್ಯಖೇಟ. ರಾಜಧಾನಿ ಇಲ್ಲಿಗೆ ಬರುವುದಕ್ಕೆ ಮುಂಚೆ, ಒಂದನೆಯ ಕೃಷ್ಣನ ಕಾಲದಲ್ಲಿ, ಎಲ್ಲೋರದ ಕೈಲಾಸವನ್ನು ಬೆಟ್ಟದಿಂದ ಕಡೆದರು. ಅಲ್ಲಿ ರಾಮಾಯಣ ಮತ್ತು ಮಹಾಭಾರತಗಳನ್ನು ಒಂದರ ಮೇಲೊಂದು ಸಾಲುಗಳಲ್ಲಿ, ದೊಡ್ಡ ಹಲಗೆಯ ಮೇಲೆ ಬರೆದ ಪುಟದಂತೆ, ಕೆತ್ತಿದ್ದಾರೆ.

ಹೊಯ್ಸಳರ ಕಾಲಕ್ಕೆ ಕಥೆ ಪ್ರದಕ್ಷಿಣೆಯ ದಾರಿ ಹಿಡಿಯಿತು. ತರೀಕೆರೆ ತಾಲೂಕಿನ ಅಮೃತಾಪುರದಲ್ಲಿ 1196ರಲ್ಲಿ ಅಮೃತೇಶ್ವರ ದಂಡನಾಯಕ ಕಟ್ಟಿಸಿದ ಗುಡಿಯ ಮಂಟಪದ ಕೈಪಿಡಿ ಗೋಡೆಯ ಮೇಲೆ 140 ಚೌಕಗಳಿವೆ. ತೆಂಕಣ ಬದಿಯ 70ರಲ್ಲಿ ರಾಮಾಯಣ; ಬಡಗಣ ಬದಿಯಲ್ಲಿ 25 ಕೃಷ್ಣನ ಕಥೆಗೆ, 45 ಮಹಾಭಾರತಕ್ಕೆ. ವಿಶೇಷವೆಂದರೆ ಇಲ್ಲಿಯ ರಾಮಾಯಣ ಅಪ್ರದಕ್ಷಿಣವಾಗಿ ಸಾಗುತ್ತದೆ. ಹಂಪೆಯಲ್ಲಿ, ಒಂದನೆಯ ದೇವರಾಯನ ಕಾಲದ ಹಜಾರರಾಮ ದೇವಾಲಯದಲ್ಲಿ, ರಾಮಾಯಣ ಹೊರಗೋಡೆಯ ಮೇಲೆ ಮೂರು ಸಾಲುಗಳಲ್ಲಿದೆ. ಒಂದೊಂದು ಸಾಲಿಗೆ ಒಂದು ಸುತ್ತಿನಂತೆ ಮೂರು ಪ್ರದಕ್ಷಿಣೆ ಹಾಕಿದವನಿಗೆ ಕಥೆ ಪೂರ್ತಿಯಾಗುತ್ತದೆ. ಪುಸ್ತಕದಲ್ಲಿ ನಾವು ಪುಟ ತಿರುವುತ್ತೇವೆ, ಅಲ್ಲಿ ಭಕ್ತನೇ ತಿರುಗಬೇಕು.

ಬಣ್ಣದ ವಿಷಯಕ್ಕೆ ಬಂದರೆ ಲೇಪಾಕ್ಷಿಯನ್ನು ಬಿಡುವಂತಿಲ್ಲ. ಇಂದು ಆಂಧ್ರಪ್ರದೇಶದಲ್ಲಿದ್ದರೂ ಅಲ್ಲಿಯ ಶಾಸನಗಳು ಬಹುಮಟ್ಟಿಗೆ ಕನ್ನಡದವು; ಗಡಿಯ ಕನ್ನಡಿಗರಾದ ನಮಗೆ ಇದು ಹೊಸ ಸಂಗತಿಯೇನಲ್ಲ. ಅಚ್ಯುತರಾಯನ ಕಾಲದಲ್ಲಿ ವಿರೂಪಣ್ಣ, ವೀರಣ್ಣ ಎಂಬ ಅಣ್ಣತಮ್ಮಂದಿರು ಬೆಳೆಸಿದ ಆ ವೀರಭದ್ರನ ಗುಡಿಯ ಮಾಳಿಗೆಯ ಒಳಮೈಯೆಲ್ಲ ಚಿತ್ರ: ಗಿರಿಜಾ ಕಲ್ಯಾಣ, ದ್ರೌಪದಿಯ ಸ್ವಯಂವರ, ಕಿರಾತಾರ್ಜುನೀಯ, ಮನುನೀತಿ ಚೋಳನ ಕಥೆ. ಕೆಮ್ಮಣ್ಣು, ಹಳದಿ, ಬಿಳಿ, ಹಸಿರು, ಗೆರೆಗೆ ಕಪ್ಪು. ಮುಖಗಳು ಬಹುಪಾಲು ಪಕ್ಕಕ್ಕೆ ತಿರುಗಿದವು, ಸೋಮೇಶ್ವರ ಹೇಳಿದ ಭಿತ್ತಿಕವೇ. ರಾಜಕುಮಾರನ ರಥಕ್ಕೆ ಸಿಕ್ಕಿ ಕರು ಸತ್ತಿತು. ತಾಯಿ ಹಸು ಬಂದು ಅರಮನೆಯ ನ್ಯಾಯದ ಗಂಟೆ ಎಳೆಯಿತು. ದೊರೆ ಸ್ವಂತ ಮಗನಿಗೇ ಮರಣದಂಡನೆ ವಿಧಿಸಿದ. ಚಿತ್ರಗಾರ ಈ ಒಂದೊಂದು ಗಳಿಗೆಯನ್ನು ಪಕ್ಕಪಕ್ಕದಲ್ಲಿಟ್ಟು, ಅದೇ ದೊರೆಯನ್ನು, ಅದೇ ಹಸುವನ್ನು ಮತ್ತೆ ಮತ್ತೆ ಬರೆಯುತ್ತಾನೆ. ನೋಡುವವರು ಇದೇನು ಇಬ್ಬರು ದೊರೆಗಳೇ ಎಂದು ಗಲಿಬಿಲಿಗೊಳ್ಳುವುದಿಲ್ಲ. ಒಂದೇ ಉಡುಗೆ, ಒಂದೇ ಕಿರೀಟ ಇಟ್ಟರಾಯಿತು, ಉಳಿದದ್ದನ್ನು ನೋಡುಗನ ಮನಸ್ಸೇ ಜೋಡಿಸಿಕೊಳ್ಳುತ್ತದೆ.

ಗುಡಿಯ ಗೋಡೆಯಿಂದ ಇಳಿದ ಚಿತ್ರಕಥೆ ಊರೂರು ತಿರುಗಿದ ಬಗೆಯೂ ಇದೆ. ನಮ್ಮ ತೆಲಂಗಾಣದ ಚೇರ್ಯಾಲದಲ್ಲಿ, ಇಂದಿನ ಸಿದ್ದಿಪೇಟೆ ಜಿಲ್ಲೆ, ನಕಾಶಿ ಮನೆತನದವರು ಬಟ್ಟೆಗೆ ಹುಣಸೆಬೀಜದ ಅಂಟು, ಸುಣ್ಣದಂಥ ಬಿಳಿಮಣ್ಣು ಬಳಿದು, 40, 50 ಅಡಿ ಉದ್ದದ ಪಟಗಳನ್ನು ಬರೆಯುತ್ತಿದ್ದರು. ಮೊದಲು ಕುಂಚದಿಂದ ನೇರವಾಗಿ ಗೆರೆ, ಬಳಿಕ ಹಿನ್ನೆಲೆಗೆ ಕಡುಗೆಂಪು. ಕಥೆ ಹೇಳುವವರು ಅದನ್ನು ಬಿಚ್ಚುತ್ತ ಒಂದೊಂದೇ ಸನ್ನಿವೇಶ ತೋರಿಸಿ ಹಾಡುತ್ತಿದ್ದರು; ಪದ್ಮಶಾಲಿಗಳಿಗೆ ಮಾರ್ಕಂಡೇಯನ ಕಥೆ, ಹೀಗೆ ಒಂದೊಂದು ಕುಲಕ್ಕೆ ಒಂದೊಂದು ಪುರಾಣ. ಕರ್ನಾಟಕದ ಕಿಳ್ಳೇಕ್ಯಾತರು ಅದನ್ನೇ ತೊಗಲಿಗೆ ತಂದರು. ಅವರ ಹಳೆಯ ಗೊಂಬೆಗಳಲ್ಲಿ ಒಂದೇ ತೊಗಲಿನ ಮೇಲೆ ಇಡೀ ದೃಶ್ಯ, ಅನೇಕ ಪಾತ್ರಗಳು ಕೂಡಿ ಇರುವುದುಂಟು. ಒಬ್ಬನೇ ನಾಯಕನಿಗೆ ಕಥೆಯ ಬೇರೆ ಬೇರೆ ಸಂದರ್ಭಗಳಿಗೆಂದು ಬೇರೆ ಬೇರೆ ಗೊಂಬೆಗಳೂ ಉಂಟು. ಪರದೆಯ ಹಿಂದೆ ದೀಪ ಹಚ್ಚಿದ ಮೇಲೆ ಮುಖದ ಗೆರೆಗಿಂತ ಮೂಗಿನ ತುದಿ, ಬೆರಳಿನ ಸನ್ನೆಗಳೇ ಮಾತಾಡುತ್ತವೆ.

ನಮ್ಮ ಕಾಲಕ್ಕೆ ಇದೆಲ್ಲವನ್ನೂ ಮನೆಯ ಗೋಡೆಯ ಮೊಳೆಗೆ ತಂದು ನೇತುಹಾಕಿದವರಲ್ಲಿ ಒಬ್ಬರು ಕಲಬುರಗಿಯ ಎಸ್. ಎಂ. ಪಂಡಿತ್. 1916ರಲ್ಲಿ ಕಲಬುರಗಿಯಲ್ಲಿ ಜನಿಸಿ, ಮದರಾಸು, ಮುಂಬಯಿಗಳಲ್ಲಿ ಕಲಿತು, ಸಿನಿಮಾ ಪೋಸ್ಟರುಗಳನ್ನೂ 'ಫಿಲ್ಮ್ ಇಂಡಿಯಾ' ಪತ್ರಿಕೆಯ ಮುಖಪುಟಗಳನ್ನೂ ಬರೆದ ಅವರು ಪುರಾಣದ ಪಾತ್ರಗಳನ್ನು ಕ್ಯಾಲೆಂಡರಿಗೆ ತಂದರು. 1993ರಲ್ಲಿ ಅವರು ತೀರಿಕೊಂಡರು. ಸಿನಿಮಾದ ಬೆಳಕು, ಗಾಳಿಗೆ ಹಾರುವ ಸೆರಗು, ಉಬ್ಬಿದ ತೋಳು ಇವೆಲ್ಲ ಅವರ ಪುರಾಣಪುರುಷರಿಗೆ ಬಂದವು. ಹಳಬರು ಕೆಲವರು ಇದನ್ನು ಒಪ್ಪಲಿಲ್ಲ. ನನಗೆ ಮಾತ್ರ ಅವರ ಕೆಲಸದಲ್ಲಿ ಪಟ್ಟದಕಲ್ಲಿನ ನೆನಪೇ ಬರುತ್ತದೆ: ಕಥೆಯ ಸರಿಯಾದ ಗಳಿಗೆಯನ್ನು ಹಿಡಿದು, ಪಾತ್ರಗಳನ್ನು ಪರಸ್ಪರ ತಿರುಗಿಸಿ ನಿಲ್ಲಿಸುವ ಅದೇ ವಿದ್ಯೆ.

ಇನ್ನು ಒಂದು ಸಂಕಟದ ಮಾತು. ನಮ್ಮ ಗಡಿಭಾಗದ ಹಳ್ಳಿಯೊಂದರಲ್ಲಿ, ಹೆಸರು ಬೇಡ, ಹಳೆಯ ಗುಡಿಯ ಜೀರ್ಣೋದ್ಧಾರವಾಯಿತು. ಭಕ್ತಿಯಿಂದಲೇ ಮಾಡಿದರು, ಹಣವನ್ನೂ ಧಾರಾಳವಾಗಿ ಸುರಿದರು. ಹೊರಗೋಡೆಯಲ್ಲಿ ಮೊಳದುದ್ದದ ಪಟ್ಟಿಕೆಗಳಲ್ಲಿ ರಾಮಾಯಣದ ಕೆಲವು ಸನ್ನಿವೇಶಗಳಿದ್ದವು. ಬಣ್ಣದವನು ಅವಕ್ಕೆಲ್ಲ ಎಣ್ಣೆಬಣ್ಣ ಬಳಿದ. ರಾಮನಿಗೆ ನೀಲಿ, ಹನುಮನಿಗೆ ಕಿತ್ತಳೆ, ತಪ್ಪೇನಿಲ್ಲ. ಆದರೆ ಕೊನೆಗೆ ಬಿಳಿಯಲ್ಲಿ ಕಣ್ಣು ಬಿಡಿಸಿ ನಡುವೆ ಕಪ್ಪು ಬೊಟ್ಟು ಇಟ್ಟ. ಪಕ್ಕಕ್ಕೆ ತಿರುಗಿದ್ದ ಅಷ್ಟೂ ಮುಖಗಳ ಕಣ್ಣು ಈಗ ನಮ್ಮ ಕಡೆಗೆ! ವಾಲಿ ಸುಗ್ರೀವರು ಕುಸ್ತಿ ಹಿಡಿದೂ ಒಬ್ಬರನ್ನೊಬ್ಬರು ನೋಡುತ್ತಿಲ್ಲ, ಇಬ್ಬರೂ ಫೋಟೋಕ್ಕೆ ನಿಂತಂತಿದ್ದಾರೆ. ಮರದ ಮರೆಯ ರಾಮನ ಬಾಣ ಒಂದು ಕಡೆ, ನೋಟ ಒಂದು ಕಡೆ. ನಾನು ಸಮಿತಿಯವರಿಗೆ ಹೇಳಿದೆ. ಪಾಪ, ಅವರಿಗೆ ಬೇಸರವಾಯಿತು. "ದೇವರು ಭಕ್ತರನ್ನು ನೋಡಿದರೆ ಒಳ್ಳೆಯದೇ ಅಲ್ಲವೇ ಮಾಸ್ತರರೆ" ಎಂದರು. ಆ ಹೊತ್ತಿಗೆ ನನಗೆ ಉತ್ತರ ಹೊಳೆಯಲಿಲ್ಲ. ಎಣ್ಣೆಬಣ್ಣ ಕಲ್ಲಿನ ರಂಧ್ರಕ್ಕೆ ಇಳಿದರೆ ತೆಗೆಯುವುದು ಕಷ್ಟ. ಯಂತ್ರದಿಂದ ಮರಳು ಹೊಡೆಸಿದರೆ ಬಣ್ಣದೊಂದಿಗೆ ಮೂಗು, ಬೆರಳುಗಳೂ ಉದುರುತ್ತವೆ. ಆದ್ದರಿಂದ ಅದನ್ನು ಹಾಗೆಯೇ ಬಿಡಲು ಹೇಳಿ ಬಂದೆ.

ಹಿಂಬದಿಯಲ್ಲಿ, ಬೇವಿನ ಮರ ಗೋಡೆಗೆ ಒತ್ತಿಕೊಂಡಿರುವಲ್ಲಿ, ಏಣಿ ಇಡಲಾಗದೆ ಒಂದು ಪಟ್ಟಿಕೆ ಉಳಿದುಹೋಗಿದೆ. ಅಶೋಕವನದ ಸೀತೆ ತಲೆ ತಗ್ಗಿಸಿ ಕುಳಿತಿದ್ದಾಳೆ. ಮೇಲೆ ಕೊಂಬೆಯ ಮೇಲೆ ಗೇಣುದ್ದದ ಹನುಮ ಬಗ್ಗಿ ಅವಳನ್ನೇ ನೋಡುತ್ತಿದ್ದಾನೆ. ಆಕೆಗೆ ಇನ್ನೂ ಗೊತ್ತಿಲ್ಲ.