ಜರ್ಮನಿಯಲ್ಲಿ ವಲಸೆ ವಿರೋಧಿ ಪಕ್ಷಗಳಿಗೆ ಮತ ದೊರೆತ ಬಗೆ

ಕನ್ನಡ ಕಲಿಯುವ, ಕಲಿಸುವ ನಮಗೆ ಜರ್ಮನಿಯು ಭೂಪಟದ ಮೇಲಿನ ಬರಿಯ ಹೆಸರಲ್ಲ. 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ ಮೋಗ್ಲಿಂಗರೂ, 1894ರಲ್ಲಿ ಹಿರಿಯ ಕನ್ನಡ ನಿಘಂಟನ್ನು ಅಚ್ಚಿಗೆ ತಂದ ಕಿಟ್ಟೆಲರೂ ಆ ನಾಡಿನವರು. ಪರನಾಡಿಗೆ ಬಂದು ಅಲ್ಲಿಯ ನುಡಿಯನ್ನು ತಮ್ಮದಾಗಿಸಿಕೊಂಡವರ ಆ ದೇಶದಲ್ಲಿಯೇ, ಹೊರಗಿನವರ ಬರವನ್ನು ವಿರೋಧಿಸುವ ಪಕ್ಷವೊಂದು 2025ರ ಫೆಬ್ರವರಿಯ ಮಹಾಚುನಾವಣೆಯಲ್ಲಿ ಶೇಕಡಾ 20.8 ಮತಗಳನ್ನು ಪಡೆದು ಎರಡನೆಯ ಸ್ಥಾನಕ್ಕೇರಿತು. ಇದು ಹೇಗಾಯಿತು?

ಈ ಪ್ರಶ್ನೆಯನ್ನು ತರಗತಿಯಲ್ಲಿ ಕೇಳಿದರೆ ಎರಡು ಉತ್ತರಗಳು ಬರುವುದುಂಟು. ಜರ್ಮನರ ಸ್ವಭಾವವೇ ಹಾಗೆ, ಹಿಟ್ಲರನ ಕಾಲ ಮರಳಿ ಬಂದಿತು ಎಂಬುದು ಒಂದು. ಹೊರಗಿನವರ ಸಂಖ್ಯೆ ಹೆಚ್ಚಿತು, ಆದುದರಿಂದ ವಿರೋಧವೂ ಹೆಚ್ಚಿತು ಎಂಬುದು ಇನ್ನೊಂದು. ಮೊದಲನೆಯದು ಇತಿಹಾಸವನ್ನು ಜಾತಕವೆಂದು ತಿಳಿಯುತ್ತದೆ. ಎರಡನೆಯದು ಅದನ್ನು ಕೂಡುವ ಲೆಕ್ಕವೆಂದು ತಿಳಿಯುತ್ತದೆ. ಕಳೆದ ಎಂಬತ್ತು ವರ್ಷಗಳ ಜರ್ಮನಿಯ ಚರಿತ್ರೆಯನ್ನು ಸಾವಧಾನದಿಂದ ನೋಡಿದರೆ ಎರಡೂ ಸಾಲವೆಂಬುದು ತಿಳಿದುಬರುತ್ತದೆ.

ಮೊದಲು ಸಂಖ್ಯೆಯ ಮಾತನ್ನೇ ಪರೀಕ್ಷಿಸೋಣ. ಎರಡನೆಯ ಮಹಾಯುದ್ಧವು 1945ರಲ್ಲಿ ಮುಗಿದಾಗ ಪೂರ್ವ ಐರೋಪ್ಯ ಪ್ರದೇಶಗಳಿಂದ ಹೊರದೂಡಲ್ಪಟ್ಟ ಸುಮಾರು 120 ಲಕ್ಷ ಜರ್ಮನ್ ಭಾಷಿಕರು, ಬಾಂಬುಗಳಿಂದ ಹಾಳಾಗಿದ್ದ ಆ ದೇಶಕ್ಕೆ ಬಂದು ಸೇರಿದರು. ಶ್ಲೆಸ್ವಿಗ್-ಹೋಲ್‌ಸ್ಟೈನ್ ಪ್ರಾಂತದಲ್ಲಿ 1950ರ ವೇಳೆಗೆ ಮೂವರಲ್ಲಿ ಒಬ್ಬರು ಇಂತಹ ನಿರಾಶ್ರಿತರಾಗಿದ್ದರು. ಅವರ ಭಾಷೆ ಒಂದೇ ಆದರೂ ಆಡುವ ರೀತಿ ಬೇರೆ; ಎಷ್ಟೋ ಕಡೆ ಅವರ ಪಂಥವೂ ಬೇರೆ. ಹಳ್ಳಿಯವರು ಅವರನ್ನು ಅಕ್ಕರೆಯಿಂದ ಬರಮಾಡಿಕೊಂಡರೆಂದು ಹೇಳುವಂತಿಲ್ಲ. ಒಂದೇ ಅಡಿಗೆಮನೆಯಲ್ಲಿ ಎರಡು ಸಂಸಾರಗಳು ಕಾದಾಡಿದುವು. ನಿರಾಶ್ರಿತರು ತಮ್ಮದೇ ಪಕ್ಷವನ್ನು ಕಟ್ಟಿದರು. 1953ರ ಚುನಾವಣೆಯಲ್ಲಿ ಅದಕ್ಕೆ ಶೇಕಡಾ 5.9 ಮತ ಬಂದಿತು. ಆದರೆ 1957ರಲ್ಲಿ ಅದು ಶೇಕಡಾ 5ರ ಗಡಿಯನ್ನು ದಾಟಲಾರದೆ ಲೋಕಸಭೆಯಿಂದ ಹೊರಗುಳಿಯಿತು.

ಇಷ್ಟು ದೊಡ್ಡ ಜನಪ್ರವಾಹವು ಹೀಗೆ ಶಾಂತವಾದುದಕ್ಕೆ ಮುಖ್ಯವಾಗಿ ಎರಡು ಕಾರಣಗಳುಂಟು. ಕೈಗಾರಿಕೆಗಳು ಬೆಳೆದು ಕೆಲಸ ದೊರೆಯಿತು. ಮತ್ತು 1952ರಲ್ಲಿ ‘ಹೊರೆಯ ಸಮಹಂಚಿಕೆ’ ಎಂಬ ಕಾನೂನು ಜಾರಿಗೆ ಬಂದಿತು. ಯುದ್ಧದಲ್ಲಿ ಆಸ್ತಿಯನ್ನು ಉಳಿಸಿಕೊಂಡವರು ಅದರ ಅರ್ಧದಷ್ಟು ಬೆಲೆಯನ್ನು ಮೂವತ್ತು ವರ್ಷಗಳ ಕಂತುಗಳಲ್ಲಿ ತೆತ್ತು, ಎಲ್ಲವನ್ನೂ ಕಳೆದುಕೊಂಡವರಿಗೆ ನೆರವಾಗಬೇಕೆಂಬುದು ಅದರ ಸಾರ. ಹೊರೆಯು ಎಲ್ಲರ ಹೆಗಲ ಮೇಲೂ ಬಿದ್ದಿತೆಂಬ ಭಾವನೆ ಹುಟ್ಟಿದಾಗ ಮತ್ಸರ ತಗ್ಗಿತು. ಈ ಮಾತನ್ನು ನಾವು ನೆನಪಿನಲ್ಲಿಟ್ಟುಕೊಂಡು ಮುಂದೆ ಸಾಗತಕ್ಕದ್ದು.

ಕೈಗಾರಿಕೆಗಳಿಗೆ ಆಳುಗಳು ಸಾಲದಾದಾಗ ಪಶ್ಚಿಮ ಜರ್ಮನಿಯು 1955ರಲ್ಲಿ ಇಟಲಿಯೊಡನೆ, 1961ರಲ್ಲಿ ತುರ್ಕಿಯೊಡನೆ ಒಪ್ಪಂದ ಮಾಡಿಕೊಂಡು ಕಾರ್ಮಿಕರನ್ನು ಕರೆಸಿಕೊಂಡಿತು. ಅವರಿಗೆ ‘ಅತಿಥಿ ಕಾರ್ಮಿಕರು’ ಎಂದು ಹೆಸರಾಯಿತು. ಅತಿಥಿಯೆಂದರೆ ಮರಳಿ ಹೋಗತಕ್ಕವನು. 1973ರ ನವೆಂಬರಿನಲ್ಲಿ ಕರೆಸಿಕೊಳ್ಳುವುದು ನಿಂತಿತು, ಬಹುಮಂದಿ ಮರಳಿದರು, ಉಳಿದವರು ಹೆಂಡಿರು ಮಕ್ಕಳನ್ನು ಕರೆತಂದು ಅಲ್ಲಿಯೇ ನೆಲಸಿದರು. ಆದರೆ ಪೌರತ್ವವು ರಕ್ತಸಂಬಂಧದಿಂದಲೇ ಬರುವುದೆಂಬ 1913ರ ಕಾನೂನು 2000ದವರೆಗೆ ಉಳಿದುದರಿಂದ ಅಲ್ಲಿಯೇ ಹುಟ್ಟಿ, ಅಲ್ಲಿಯ ಶಾಲೆಯಲ್ಲಿ ಓದಿದ ಮಕ್ಕಳೂ ಪರಕೀಯರೆಂದೇ ಎಣಿಸಲ್ಪಟ್ಟರು. ‘ನಮ್ಮದು ವಲಸೆಯ ದೇಶವಲ್ಲ’ ಎಂದು ಸರಕಾರಗಳು ಹೇಳುತ್ತ ಬಂದುವು. ಬೀದಿಯಲ್ಲಿ ಕಾಣುತ್ತಿದ್ದುದೇ ಬೇರೆ. ಈ ಅಂತರದಲ್ಲಿ ತೀವ್ರ ಬಲಪಂಥದವರಿಗೆ ಎಡೆ ದೊರೆಯಿತು.

ಹಾಗೆಂದು ಅವರ ಬಲವು ಒಂದೇ ಸಮನಾಗಿ ಏರಲಿಲ್ಲ. 1966-67ರಲ್ಲಿ ವ್ಯಾಪಾರ ಕುಗ್ಗಿದಾಗ ಬಲಗೊಂಡ ಎನ್‌ಪಿಡಿ ಎಂಬ ಪಕ್ಷವು 1968ರ ವೇಳೆಗೆ ಏಳು ಪ್ರಾಂತಗಳ ಶಾಸನಸಭೆಗಳನ್ನು ಹೊಕ್ಕಿತು. 1969ರಲ್ಲಿ ಶೇಕಡಾ 4.3 ಮತ ಪಡೆದು ಲೋಕಸಭೆಯ ಹೊಸ್ತಿಲಲ್ಲಿಯೇ ನಿಂತು, ಮುಂದೆ ಸೊರಗಿತು. 1989ರಲ್ಲಿ ‘ರಿಪಬ್ಲಿಕನರು’ ಎಂಬ ಪಕ್ಷವು ಐರೋಪ್ಯ ಸಂಸತ್ತಿನ ಚುನಾವಣೆಯಲ್ಲಿ ಶೇಕಡಾ 7.1 ಮತ ಪಡೆಯಿತು. 1992ರಲ್ಲಿ ಆಶ್ರಯ ಬೇಡಿದವರ ಸಂಖ್ಯೆ 4,38,000ಕ್ಕೆ ಏರಿತ್ತು. 1993ರಲ್ಲಿ ಸಂವಿಧಾನವನ್ನೇ ತಿದ್ದಿ ಆಶ್ರಯದ ಹಕ್ಕನ್ನು ಕಿರಿದುಗೊಳಿಸಲಾಯಿತು, ಬರುವವರು ಕಡಮೆಯಾದರು, ಆ ಪಕ್ಷವೂ ಕ್ಷೀಣಿಸಿತು. ಆದುದರಿಂದ ಸಂಖ್ಯೆಗೆ ಅರ್ಥವೇ ಇಲ್ಲವೆಂದು ನಾವು ವಾದಿಸುವುದಿಲ್ಲ. ಒಮ್ಮೆಲೇ ಬಹುಮಂದಿ ಬಂದಾಗ, ಆಳುವವರ ಕೈಯಲ್ಲಿ ವ್ಯವಸ್ಥೆ ಇಲ್ಲವೆಂದು ಜನರಿಗೆ ತೋರಿದಾಗ, ಭಯ ಹೆಚ್ಚುವುದು ನಿಜ. ಆದರೆ ಆ ಭಯವು ಯಾವ ಊರಿನಲ್ಲಿ ಬೇರೂರಿತು ಎಂಬುದಕ್ಕೆ ಸಂಖ್ಯೆಯೊಂದೇ ಉತ್ತರ ಕೊಡದು.

ಇದನ್ನು ತಿಳಿಯಲು ಸಾಕ್ಸನಿ ಪ್ರಾಂತದ ಹೊಯೆರ್ಸ್‌ವೆರ್ಡಾ ಎಂಬ ಊರಿಗೆ ಹೋಗೋಣ. ಅಲ್ಲಿಯ ಫಲಕಗಳ ಮೇಲೆ ಊರಿನ ಹೆಸರು ಎರಡು ನುಡಿಗಳಲ್ಲಿದೆ. ಜರ್ಮನ್ನರ ನಡುವೆ ಶತಮಾನಗಳಿಂದ ಬಾಳಿದ ಸೋರ್ಬ್ ಎಂಬ ಅಲ್ಪಸಂಖ್ಯಾತ ಭಾಷಿಕರ ನಾಡದು. ಗಡಿನಾಡಿನ ನಮಗೆ ಇಂತಹ ಫಲಕದ ಬೆಲೆಯನ್ನು ವಿವರಿಸಬೇಕಾಗಿಲ್ಲ. ಪೂರ್ವ ಜರ್ಮನಿಯ ಸರಕಾರವು ಕಂದು ಕಲ್ಲಿದ್ದಲಿನ ಉದ್ಯಮವನ್ನು ಅಲ್ಲಿ ಬೆಳೆಸಿದಾಗ, ಕೆಲವೇ ಸಾವಿರ ಜನರಿದ್ದ ಆ ಊರು 1980ರ ಸುಮಾರಿಗೆ 70 ಸಾವಿರ ಜನರ ಪಟ್ಟಣವಾಯಿತು. 1990ರಲ್ಲಿ ಎರಡು ಜರ್ಮನಿಗಳೂ ಒಂದಾದುವು. ಪೂರ್ವದ ಎಂಟು ಸಾವಿರಕ್ಕೂ ಮೀರಿದ ಸರಕಾರಿ ಉದ್ಯಮಗಳು, ಅವುಗಳಲ್ಲಿ ದುಡಿಯುತ್ತಿದ್ದ 40 ಲಕ್ಷ ಜನರೊಡನೆ, ‘ಟ್ರಾಯ್‌ಹಾಂಡ್’ ಎಂಬ ಸಂಸ್ಥೆಯ ವಶವಾದುವು. 1994ರ ಕೊನೆಯೊಳಗೆ ಅವು ಮಾರಲ್ಪಟ್ಟುವು, ಇಲ್ಲವೆ ಮುಚ್ಚಲ್ಪಟ್ಟುವು. ಯುವಕರು, ಅವರಿಗಿಂತಲೂ ಹೆಚ್ಚಾಗಿ ಯುವತಿಯರು, ಪಶ್ಚಿಮಕ್ಕೆ ನಡೆದರು. ಪೂರ್ವದಲ್ಲಿ ಜನನ ಸಂಖ್ಯೆಯು ಕೆಲವೇ ವರ್ಷಗಳಲ್ಲಿ ಅರ್ಧಕ್ಕಿಳಿಯಿತು. ಮಕ್ಕಳಿಲ್ಲದೆ ಶಾಲೆಗಳು ಮುಚ್ಚಿದುವು. ಹೊಯೆರ್ಸ್‌ವೆರ್ಡಾದಲ್ಲಿ ಉಳಿದವರು ಸುಮಾರು 30 ಸಾವಿರ ಮಂದಿ. ಖಾಲಿಯಾದ ಮನೆಗಳ ಸಾಲುಗಳನ್ನು ಕೆಡವಬೇಕಾಯಿತು.

ಅದೇ ಊರಿನಲ್ಲಿ 1991ರ ಸೆಪ್ಟೆಂಬರಿನಲ್ಲಿ, ಮೊಜಾಂಬಿಕ್ ಮತ್ತು ವಿಯೆಟ್ನಾಮಿನಿಂದ ಕೂಲಿಗೆಂದು ಬಂದಿದ್ದವರ ಮನೆಗಳ ಮೇಲೆ ದಿನಗಟ್ಟಲೆ ಕಲ್ಲು, ಬೆಂಕಿ ಬಿದ್ದಿತು. ನೆರೆಯವರು ನಿಂತು ಚಪ್ಪಾಳೆ ತಟ್ಟಿದರು. ಅಧಿಕಾರಿಗಳು ದಾಳಿಗೆ ಗುರಿಯಾದವರನ್ನೇ ಬಸ್ಸಿನಲ್ಲಿ ಕೂರಿಸಿ ಊರಿನಿಂದ ಸಾಗಿಸಿದರು. ಹೊರಗಿನವರು ಹೋದರು. ಹೋದ ಕೆಲಸ ಬಂದಿತೆ? ಊರು ಬಿಟ್ಟ ಮಕ್ಕಳು ಮರಳಿದರೆ? ಇಲ್ಲ. ಊರನ್ನು ಬರಿದುಮಾಡಿದುದು ಬಂದವರಲ್ಲ, ಬಿಟ್ಟುಹೋದವರು. ಆದರೆ ಬಿಟ್ಟುಹೋದ ಮಗನನ್ನು ದೂರುವುದಕ್ಕಿಂತ ಬಂದ ಪರಕೀಯನನ್ನು ದೂರುವುದು ಸುಲಭ.

ಈ ಹಿನ್ನೆಲೆಯನ್ನು ಅರಿತರೆ ಇತ್ತೀಚಿನ ಚರಿತ್ರೆ ಸ್ಪಷ್ಟವಾಗುತ್ತದೆ. ‘ಎಎಫ್‌ಡಿ’, ಎಂದರೆ ‘ಜರ್ಮನಿಗೆ ಬದಲಿ ಮಾರ್ಗ’ ಎಂಬ ಪಕ್ಷವು 2013ರಲ್ಲಿ ಹುಟ್ಟಿದಾಗ ಅದರ ಮುಂದಾಳು ಬೆರ್ಂಡ್ ಲೂಕೆ ಎಂಬ ಅರ್ಥಶಾಸ್ತ್ರದ ಪ್ರಾಧ್ಯಾಪಕರು. ಐರೋಪ್ಯ ನಾಣ್ಯವಾದ ಯೂರೋದ ವಿರೋಧವೇ ಅದರ ಮುಖ್ಯ ವಿಷಯ. ಆ ವರ್ಷ ದೊರೆತುದು ಶೇಕಡಾ 4.7. 2015ರಲ್ಲಿ ಸಿರಿಯಾ ಮೊದಲಾದ ದೇಶಗಳ ಯುದ್ಧಗಳಿಂದ ಓಡಿಬಂದ ಸುಮಾರು 8,90,000 ಜನರು ಜರ್ಮನಿಯನ್ನು ಸೇರಿದರು. ‘ಇದು ನಮ್ಮಿಂದಾಗುವ ಕೆಲಸ’ ಎಂಬರ್ಥದ ಮಾತಿನಿಂದ ಪ್ರಧಾನಿ ಆಂಗೆಲಾ ಮೆರ್ಕೆಲ್ ಧೈರ್ಯ ಹೇಳಿದರು. ಸಾವಿರಾರು ನಾಗರಿಕರು ರೈಲು ನಿಲ್ದಾಣಗಳಿಗೆ ಹೋಗಿ ಅನ್ನವಸ್ತ್ರ ಕೊಟ್ಟರು. ಆದರೆ ನಾಣ್ಯದ ಪಕ್ಷವು ವಲಸೆ ವಿರೋಧದ ಪಕ್ಷವಾಗಿ ಮಾರ್ಪಟ್ಟು, 2017ರಲ್ಲಿ ಶೇಕಡಾ 12.6 ಮತಗಳೊಡನೆ ಲೋಕಸಭೆಯನ್ನು ಹೊಕ್ಕಿತು. 2021ರಲ್ಲಿ ಶೇಕಡಾ 10.3ಕ್ಕೆ ಇಳಿಯಿತು. ಯುಕ್ರೇನಿನ ಯುದ್ಧ, ಅಲ್ಲಿಂದ ಬಂದ ಹತ್ತು ಲಕ್ಷಕ್ಕೂ ಮೀರಿದ ನಿರಾಶ್ರಿತರು, ಏರಿದ ಬೆಲೆಗಳು, ಮನೆ ಬಿಸಿಮಾಡುವ ಯಂತ್ರಗಳ ಬಗ್ಗೆ 2023ರಲ್ಲಾದ ಕಾನೂನಿನ ಜಗಳ, 2024ರ ನವೆಂಬರಿನಲ್ಲಿ ಮುರಿದ ಮೈತ್ರಿ ಸರಕಾರ: ಇವೆಲ್ಲವೂ ಕೂಡಿ 2025ರ ಫಲವನ್ನು ಕೊಟ್ಟುವು.

ಆ ಪಕ್ಷಕ್ಕೆ ಹೆಚ್ಚು ಮತ ಬಿದ್ದುದು ಪರದೇಶದವರು ಹೆಚ್ಚಾಗಿರುವ ಪಶ್ಚಿಮದ ದೊಡ್ಡ ನಗರಗಳಲ್ಲಲ್ಲ, ಅವರು ವಿರಳವಾಗಿರುವ ಪೂರ್ವ ಪ್ರಾಂತಗಳಲ್ಲಿ. ಥುರಿಂಗಿಯಾದಲ್ಲಿ 2024ರ ಪ್ರಾಂತೀಯ ಚುನಾವಣೆಯಲ್ಲಿ ಅದು ಶೇಕಡಾ 32.8 ಮತ ಪಡೆದು ಮೊದಲನೆಯದಾಯಿತು. ಪಶ್ಚಿಮದಲ್ಲಿಯೂ ಕಲ್ಲಿದ್ದಲು ಗಣಿಗಳು ಮುಚ್ಚಿಹೋದ ಗೆಲ್ಸೆನ್‌ಕಿರ್ಖೆನ್ ನಗರದಲ್ಲಿ 2025ರಲ್ಲಿ ಅದು ಎಲ್ಲ ಪಕ್ಷಗಳಿಗಿಂತ ಹೆಚ್ಚು ಪಕ್ಷಮತಗಳನ್ನು ಗಳಿಸಿತು. ಮತ ಕೊಟ್ಟವರೆಲ್ಲ ಬಡವರಲ್ಲ. ಇದ್ದುದನ್ನು ಕಳೆದುಕೊಂಡೇವೆಂಬ ಭಯವುಳ್ಳವರೂ ಬಹಳ. ಮತ್ತೊಂದು ಕಾರಣವೆಂದರೆ, ಎರಡು ದೊಡ್ಡ ಪಕ್ಷಗಳು 2005ರಿಂದ 2009ರವರೆಗೂ, 2013ರಿಂದ 2021ರವರೆಗೂ ಕೂಡಿಯೇ ಆಳಿದುವು. ಬೇಸತ್ತ ಮತದಾರನಿಗೆ ಎದುರುಪಕ್ಷವೆಂದು ದೊಡ್ಡದಾಗಿ ಕಂಡುದು ಈ ಹೊಸ ಪಕ್ಷವೇ.

ಜೋಲಿಂಗೆನ್ ಎಂಬ ಊರಿನ ಹೆಸರನ್ನು ನಮ್ಮ ವಿದ್ಯಾರ್ಥಿಗಳು ಎರಡು ಸಲ ಬರೆದುಕೊಳ್ಳಲಿ. 1993ರ ಮೇ ತಿಂಗಳಲ್ಲಿ ಅಲ್ಲಿ ತೀವ್ರ ಬಲಪಂಥದ ಯುವಕರು ಹಚ್ಚಿದ ಬೆಂಕಿಗೆ ತುರ್ಕಿ ಮನೆತನವೊಂದರ ಐವರು ಹೆಣ್ಣುಮಕ್ಕಳು ಬಲಿಯಾದರು. 2024ರ ಆಗಸ್ಟಿನಲ್ಲಿ ಅಲ್ಲಿಯ ನಗರೋತ್ಸವದಲ್ಲಿ, ಆಶ್ರಯ ಬೇಡಿ ಬಂದಿದ್ದ ಸಿರಿಯಾದವನೊಬ್ಬನು ಮೂವರನ್ನು ಇರಿದು ಕೊಂದನು. ಎರಡನೆಯದನ್ನು ಮರೆಮಾಚಿದರೆ ಮತದಾರನು ನಮ್ಮನ್ನು ನಂಬನು. ಮೊದಲನೆಯದನ್ನು ಮರೆತರೆ ನಾವೇ ನಮ್ಮನ್ನು ನಂಬಲಾರೆವು. ಒಬ್ಬನ ಅಪರಾಧವನ್ನು ಒಂದು ಜನಾಂಗದ ಅಪರಾಧವೆಂದು ಮತ ಕೇಳುವುದೇ ಈ ರಾಜಕೀಯದ ಯುಕ್ತಿ.

ಆದರೂ ಹಿಟ್ಲರನ ಕಾಲವೇ ಮರಳಿತೆಂದು ಹೇಳುವುದು ಆತುರದ ಮಾತು. 2024ರ ಆರಂಭದಲ್ಲಿ, ವಲಸೆ ಬಂದವರನ್ನು ರಾಶಿರಾಶಿಯಾಗಿ ಹೊರಗಟ್ಟುವ ಯೋಜನೆಯ ಗುಪ್ತಸಭೆಯೊಂದರ ಸುದ್ದಿ ಹೊರಬಿದ್ದಾಗ ಲಕ್ಷಾಂತರ ಜರ್ಮನರು ಅದನ್ನು ಖಂಡಿಸಿ ಬೀದಿಗಿಳಿದರು. 2025ರಲ್ಲಿ ಮತ ಹಾಕಿದ ಐವರಲ್ಲಿ ನಾಲ್ವರು ಬೇರೆ ಪಕ್ಷಗಳನ್ನೇ ಆರಿಸಿದರು.

ಕಾರಣವನ್ನು ಅರಿಯುವುದು ಬೇರೆ, ಒಪ್ಪುವುದು ಬೇರೆ. ಈ ಭೇದವನ್ನು ಕಲಿಸುವುದೇ ಇತಿಹಾಸದ ಅಧ್ಯಾಪಕನ ಕೆಲಸವೆಂದು ನಾವು ತಿಳಿದಿದ್ದೇವೆ. 1952ರಲ್ಲಿ ಜರ್ಮನಿಯು ನಷ್ಟವನ್ನು ಹಂಚಿಕೊಂಡಿತು. 120 ಲಕ್ಷ ಜನರು ನೆರೆಯವರಾದರು. 1990ರ ಬಳಿಕ ಪೂರ್ವದ ಊರುಗಳಿಗೆ ಪಶ್ಚಿಮದಿಂದ ಅಪಾರ ಹಣ ಹರಿದುಬಂದರೂ, ತಮ್ಮ ಬಾಳು ಲೆಕ್ಕಕ್ಕೆ ಬಂದಿತೆಂಬ ಭಾವನೆ ಅಲ್ಲಿಯ ಬಹುಜನರಲ್ಲಿ ಮೂಡಲಿಲ್ಲ. ಮುಚ್ಚಿದ ಶಾಲೆಯ ಮುಂದೆ ನಿಂತ ಮನುಷ್ಯನಿಗೆ ಆಳುವವರು ಉತ್ತರ ಕೊಡದಿದ್ದರೆ, ಬೇರೊಬ್ಬನು ಬಂದು ಸುಳ್ಳು ಉತ್ತರವನ್ನು ಕೊಡುತ್ತಾನೆ.